ವಾರಕ್ಕೆ ಆರು ದಿನ ಬೇಡ, ಮೂರು ದಿನ ತಪ್ಪಿಸಬೇಡಿ

ಪ್ರಶ್ನೆ: ನನಗೆ 41 ವರ್ಷ, ಎತ್ತರ ಐದೂವರೆ ಅಡಿ, ತೂಕ 82 ಕೆಜಿ. ದಾವಣಗೆರೆಯಲ್ಲಿ ಕಚೇರಿ ಕೆಲಸ, ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿಯೇ ಗತಿ. ಬಿಪಿಗೆ ಒಂದು ಮಾತ್ರೆ ನಡೆಯುತ್ತಿದೆ. ಎರಡು ತಿಂಗಳ ಹಿಂದೆ ಜಿಮ್‌ಗೆ ಸೇರಿ ವಾರಕ್ಕೆ ಆರು ದಿನ, ದಿನಕ್ಕೊಂದು ಗಂಟೆ ಹೋದೆ. ಮೂರನೇ ವಾರಕ್ಕೆ ಬಲ ಮೊಣಕಾಲಿನ ಮುಂಭಾಗ ನೋಯತೊಡಗಿತು, ಮೈಯೆಲ್ಲ ಬಿಗಿಯಾಯಿತು, ಬಿಟ್ಟುಬಿಟ್ಟೆ. ಹಿಂದೆಯೂ ಎರಡು ಸಲ ಹೀಗೇ ಆಗಿತ್ತು. ಹೊಸಬರು ವಾರಕ್ಕೆ ಎಷ್ಟು ದಿನ ವ್ಯಾಯಾಮ ಮಾಡಬೇಕು? ಬರೀ ವಾಕಿಂಗ್ ಸಾಲದೇ? ನನ್ನ ಹೆಂಡತಿ, “ದಿನವಿಡೀ ಮನೆಕೆಲಸ ಮಾಡ್ತೀನಲ್ಲ, ನನಗ್ಯಾಕೆ ಬೇರೆ ವ್ಯಾಯಾಮ?” ಅಂತಾಳೆ. ಅದು ಸರಿಯೇ?

ಉತ್ತರ: ಇದಕ್ಕೆ ಒಂದೇ ಸಂಖ್ಯೆಯ ಉತ್ತರವಿಲ್ಲ. ವ್ಯಾಯಾಮ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕೆಲಸಗಳಿವೆ. ನಡಿಗೆ, ಸೈಕಲ್, ಈಜಿನಂಥ ಉಸಿರು ಏರಿಸುವ ಕೆಲಸ ಒಂದು. ಭಾರ ಎತ್ತುವ, ತಳ್ಳುವ, ಎಳೆಯುವ ಬಲದ ಕೆಲಸ ಇನ್ನೊಂದು, ಜಿಮ್‌ನವರ ಮಾತಿನಲ್ಲಿ ವೇಟ್ಸ್. ಮೊದಲನೆಯದನ್ನು ಹೊಸಬರು ವಾರಕ್ಕೆ ಐದು ದಿನ ಮಾಡಬಹುದು. ಎರಡನೆಯದು ಮೊದಲ ತಿಂಗಳು ಎರಡೇ ದಿನ, ಆಮೇಲೆ ಮೂರು ದಿನ. ಬಲದ ಕೆಲಸದ ಎರಡು ಸರದಿಗಳ ನಡುವೆ ಕನಿಷ್ಠ ಒಂದು ದಿನ ಬಿಡುವು ಇರಲೇಬೇಕು. ನೀವು ಬಹುಶಃ ಎರಡನ್ನೂ ಸೇರಿಸಿ ಆರೂ ದಿನ ಮೈಮೇಲೆ ಹೇರಿಕೊಂಡಿರಿ. ಮೂರನೇ ವಾರದಲ್ಲಿ ಮೊಣಕಾಲು ನೋಯುವುದು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಅದಕ್ಕಾಗಿ ವಯಸ್ಸನ್ನೋ ನಿಮ್ಮ ಮನಸ್ಸಿನ ದೃಢತೆಯನ್ನೋ ದೂರಬೇಡಿ.

ಮೂರನೇ ವಾರವೇ ಏಕೆ ಎಂದು ಕೇಳಬಹುದು. ಮೈಯ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಪಳಗುವುದಿಲ್ಲ. ಮೊದಲು ಪಳಗುವುದು ನರಗಳು. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳುವುದನ್ನು ಅವು ಎರಡು ವಾರದಲ್ಲೇ ಕಲಿಯತೊಡಗುತ್ತವೆ, ಹಾಗಾಗಿ ಎತ್ತುವ ಭಾರ ಬೇಗ ಏರುತ್ತದೆ. ಉಸಿರೂ ಬೇಗ ಹಿಡಿತಕ್ಕೆ ಬರುತ್ತದೆ. ಸ್ನಾಯು ಕಣ್ಣಿಗೆ ಕಾಣುವಷ್ಟು ಬೆಳೆಯಲು ಎರಡು ತಿಂಗಳಾದರೂ ಬೇಕು. ಎಲ್ಲಕ್ಕಿಂತ ನಿಧಾನ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್. ಅದಕ್ಕೆ ರಕ್ತದ ಹರಿವು ಕಡಿಮೆ, ಗಟ್ಟಿಯಾಗಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಇನ್ನೂ ಒಂದು ಸಂಗತಿಯಿದೆ. ಭಾರ ಬಿದ್ದ ಮೊದಲ 24ರಿಂದ 36 ಗಂಟೆಗಳಲ್ಲಿ ರಜ್ಜುವಿನಲ್ಲಿರುವ ಕೊಲ್ಯಾಜನ್ ಎಂಬ ಪ್ರೋಟೀನ್ ಕಟ್ಟಿಕೊಳ್ಳುವುದಕ್ಕಿಂತ ಒಡೆಯುವುದೇ ಹೆಚ್ಚು, ಕಟ್ಟುವ ಕೆಲಸದ ಕೈ ಮೇಲಾಗುವುದು ಆಮೇಲೆ. ದಿನವೂ ಅದೇ ರಜ್ಜುವಿನ ಮೇಲೆ ಭಾರ ಹಾಕಿದರೆ ರಿಪೇರಿ ಮುಗಿಯುವ ಮೊದಲೇ ಮತ್ತೆ ಕಿತ್ತಂತೆ. ಎರಡನೇ ವಾರದ ಕೊನೆಗೆ “ಈಗ ಶಕ್ತಿ ಬಂತು” ಅನ್ನಿಸುತ್ತದೆ, ನಿಜವಾಗಿಯೂ ಬಂದಿರುತ್ತದೆ. ಆದರೆ ಆ ಹೊಸ ಶಕ್ತಿ ಇನ್ನೂ ಹಳೆಯದಾಗಿಯೇ ಇರುವ ರಜ್ಜುವನ್ನು ಜಗ್ಗುತ್ತಿರುತ್ತದೆ. ಮೊಣಕಾಲ ಚಿಪ್ಪಿನ ಕೆಳಗೆ, ಹಿಮ್ಮಡಿಯ ಹಿಂದೆ, ಭುಜದ ಮುಂದೆ ನೋವು ಶುರುವಾಗುವುದು ಹೀಗೆ. ಬಿಡುವಿನ ದಿನವೂ ವ್ಯಾಯಾಮದ ಲೆಕ್ಕಕ್ಕೇ ಸೇರಿದ್ದು, ಮೈ ಗಟ್ಟಿಯಾಗುವುದು ಆ ದಿನವೇ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಸಲಹೆ ಹೀಗಿದೆ: ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಮಾಡಬೇಕು, ಅಥವಾ 75ರಿಂದ 150 ನಿಮಿಷ ತೀವ್ರವಾದದ್ದು. ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಮುಖ್ಯ ಸ್ನಾಯುಗಳೆಲ್ಲಕ್ಕೂ ಬಲದ ವ್ಯಾಯಾಮ. ಸಂಸ್ಥೆ 150 ನಿಮಿಷ ಅಂದಿದೆಯೇ ಹೊರತು ಅದನ್ನು ಎಷ್ಟು ದಿನಕ್ಕೆ ಹಂಚಬೇಕು ಎಂದು ಕಟ್ಟುಪಾಡು ಹಾಕಿಲ್ಲ. 2010ರ ಸಲಹೆಯಲ್ಲಿ ಒಂದೊಂದು ಸಲಕ್ಕೂ ಹತ್ತು ನಿಮಿಷವಾದರೂ ಇರಬೇಕು ಎಂಬ ಷರತ್ತಿತ್ತು, ಈಗ ಅದೂ ಇಲ್ಲ. ಊಟವಾದ ಮೇಲೆ ಕಚೇರಿಯ ಸುತ್ತ ಏಳು ನಿಮಿಷ ಚುರುಕಾಗಿ ನಡೆದರೆ ಅದೂ ಲೆಕ್ಕಕ್ಕೆ ಬರುತ್ತದೆ. ಮೊದಲ ವಾರವೇ 150 ಮುಟ್ಟಬೇಕೆಂದೇನೂ ಇಲ್ಲ. ಸೊನ್ನೆಯಿಂದ 60 ನಿಮಿಷಕ್ಕೆ ಬಂದಾಗ ಆರೋಗ್ಯಕ್ಕೆ ಸಿಗುವ ಲಾಭ, 150ರಿಂದ 210ಕ್ಕೆ ಏರಿದಾಗ ಸಿಗುವುದಕ್ಕಿಂತ ದೊಡ್ಡದು.

ಮಧ್ಯಮ ವೇಗ ಎಂದರೆ ಎಷ್ಟು? ನಡೆಯುತ್ತಾ ಪಕ್ಕದವರ ಜೊತೆ ಮಾತಾಡಲು ಬರಬೇಕು, ಹಾಡಲು ಬರಬಾರದು. ಒಂದು ವಾಕ್ಯ ಮುಗಿಸುವುದರೊಳಗೆ ಉಸಿರು ತುಂಡಾದರೆ ಅದು ತೀವ್ರ. ಹೆಜ್ಜೆ ಎಣಿಸುವುದಾದರೆ 15 ಸೆಕೆಂಡಿಗೆ 25, ಅಂದರೆ ನಿಮಿಷಕ್ಕೆ 100 ಹೆಜ್ಜೆ. ಕೆರೆ ಏರಿಯ ಮೇಲೆ ಹರಟುತ್ತಾ ಸಾಗುವ ಸಂಜೆಯ ವಾಯುವಿಹಾರ ಸಾಮಾನ್ಯವಾಗಿ ಇದಕ್ಕಿಂತ ನಿಧಾನ. ನಿಮ್ಮ ಬಿಪಿ ಮಾತ್ರೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ‘ಲಾಲ್’ಗಳಲ್ಲಿ ಒಂದಾಗಿದ್ದರೆ ನಾಡಿಬಡಿತ ನೋಡಿ ವೇಗ ಅಳೆಯಬೇಡಿ. ಆ ಮಾತ್ರೆಗಳು ಬಡಿತವನ್ನೇ ತಗ್ಗಿಸುತ್ತವೆ. ಕೈಗಡಿಯಾರ “ಇನ್ನೂ ಸಾಲದು” ಎಂದು ತೋರಿಸಿದರೂ ನಿಮಗೆ ಸಾಕಾಗಿರುತ್ತದೆ. ಮಾತಿನ ಪರೀಕ್ಷೆಯೇ ನಂಬಿಕೆಗೆ ಯೋಗ್ಯ.

ಇನ್ನು ಯೋಜನೆ. ಬಲದ ವ್ಯಾಯಾಮವನ್ನು ಎದೆಗೊಂದು ದಿನ, ಬೆನ್ನಿಗೊಂದು ದಿನ, ಕಾಲಿಗೊಂದು ದಿನ ಎಂದು ಹಂಚುವ ಪದ್ಧತಿ ಜಿಮ್‌ಗಳಲ್ಲಿದೆ. ವರ್ಷಗಳಿಂದ ಪಳಗಿದವರಿಗೆ ಅದು ಸರಿ. ಹೊಸಬರಿಗೆ ಬೇಡ. ಒಂದೇ ದಿನ ಒಂದೇ ಸ್ನಾಯುವಿಗೆ ಹದಿನೈದಿಪ್ಪತ್ತು ಸೆಟ್ (ಒಂದೇ ಚಲನೆಯನ್ನು ನಿಲ್ಲಿಸದೆ ಕೆಲವು ಸಲ ಮಾಡುವ ಒಂದು ಸುತ್ತು) ಬಿದ್ದು ನಾಲ್ಕು ದಿನ ಕೈ ಎತ್ತಲಾಗದಂತಾಗುತ್ತದೆ, ಒಂದು ದಿನ ತಪ್ಪಿದರೆ ಆ ಭಾಗಕ್ಕೆ ಆ ವಾರವೇ ಕೆಲಸ ಸಿಗುವುದಿಲ್ಲ. ಪ್ರತಿ ಸರದಿಯಲ್ಲೂ ಇಡೀ ಮೈಗೆ ಸ್ವಲ್ಪ ಸ್ವಲ್ಪ ಕೆಲಸ ಕೊಡಿ. ಆಗ ಒಂದು ದಿನ ತಪ್ಪಿದರೂ ನಷ್ಟ ಸಣ್ಣದು. ಹೊಸದಾಗಿ ಕಲಿಯುವ ಚಲನೆಗಳು ವಾರಕ್ಕೆ ಎರಡು ಮೂರು ಸಲ ಪುನರಾವರ್ತನೆಯಾಗಿ ಬೇಗ ಮೈಗೆ ಹತ್ತುತ್ತವೆ.

ಐದು ಚಲನೆ ಸಾಕು. ಮೊದಲನೆಯದು ಕುರ್ಚಿಯ ಬಸ್ಕಿ: ಗಟ್ಟಿ ಕುರ್ಚಿಯ ಅಂಚಿಗೆ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿ, ಕೈಯ ಆಸರೆಯಿಲ್ಲದೆ ಎದ್ದು, ಮೂರು ಎಣಿಸುವಷ್ಟು ನಿಧಾನವಾಗಿ ಕೂರುವುದು. ಎರಡನೆಯದು ತಳ್ಳುವುದು: ಗೋಡೆಗೆ ಕೈಯೂರಿ ಪುಷ್‌ಅಪ್, ಅದು ಸುಲಭವಾದಾಗ ಅಡುಗೆಮನೆಯ ಕಟ್ಟೆಗೆ, ಆಮೇಲೆ ಮಂಚದ ಅಂಚಿಗೆ, ಕೊನೆಗೆ ನೆಲಕ್ಕೆ. ಮೂರನೆಯದು ಎಳೆಯುವುದು: ಒಂದು ಕೈಯನ್ನು ಮೇಜಿಗೆ ಊರಿ, ಬೆನ್ನು ನೇರವಾಗಿ ಬಾಗಿ, ಇನ್ನೊಂದು ಕೈಯಲ್ಲಿ ಐದು ಲೀಟರ್ ನೀರಿನ ಕ್ಯಾನನ್ನು ಸೊಂಟದ ಕಡೆಗೆ ಎಳೆದು ಇಳಿಸುವುದು. ತುಂಬಿದ ಕ್ಯಾನ್ ಸುಮಾರು ಐದು ಕೆಜಿ, ನೀರು ಹೆಚ್ಚುಕಡಿಮೆ ಮಾಡಿ ಭಾರ ಹೊಂದಿಸಬಹುದು. ನಾಲ್ಕನೆಯದು ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೂರಿ ಸೊಂಟ ಮೇಲೆತ್ತುವುದು. ಐದನೆಯದು ಮೊಣಕೈ ಊರಿ ಪ್ಲ್ಯಾಂಕ್, ಅಂದರೆ ನೆಲಕ್ಕೆ ಮುಖ ಮಾಡಿ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು, ಶುರುವಿನಲ್ಲಿ ಮಂಡಿ ನೆಲಕ್ಕಿಟ್ಟು 15 ಸೆಕೆಂಡ್. ಜಿಮ್‌ನಲ್ಲೇ ಮಾಡುವುದಾದರೆ ಮೊದಲ ಮೂರರ ಜಾಗಕ್ಕೆ ಲೆಗ್ ಪ್ರೆಸ್, ಚೆಸ್ಟ್ ಪ್ರೆಸ್, ಸೀಟೆಡ್ ರೋ ಯಂತ್ರಗಳು ಬರುತ್ತವೆ, ಕೊನೆಯ ಎರಡು ಹಾಗೇ ಉಳಿಯುತ್ತವೆ.

ಮೊದಲ ಎರಡು ವಾರ ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಐದು ನಿಮಿಷ ಅಲ್ಲೇ ನಡೆದು, ತೋಳು ತಿರುಗಿಸಿ ಮೈ ಬೆಚ್ಚಗಾದ ಮೇಲೆ ಒಂದೊಂದು ಚಲನೆಯೂ ಒಂದೇ ಸೆಟ್, 8ರಿಂದ 10 ಸಲ. ಒಟ್ಟು ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಇಷ್ಟೇನಾ ಅನ್ನಿಸುತ್ತದೆ, ಅನ್ನಿಸಲಿ. ಮೂರು ಮತ್ತು ನಾಲ್ಕನೇ ವಾರ ಅದೇ ಎರಡು ದಿನ, ಎರಡು ಸೆಟ್, ನಡುವೆ ಒಂದೂವರೆ ನಿಮಿಷ ವಿಶ್ರಾಂತಿ. ಐದನೇ ವಾರದಿಂದ ಸೋಮ, ಬುಧ, ಶುಕ್ರ, ಎರಡೆರಡು ಸೆಟ್. ಒಂಬತ್ತನೇ ವಾರದ ನಂತರ ಬೇಕೆನಿಸಿದರೆ ಮೂರನೇ ಸೆಟ್. ಭಾರ ಏರಿಸಲು ನಿಯಮ ಒಂದೇ: ಎಲ್ಲ ಸೆಟ್‌ಗಳಲ್ಲೂ 12 ಸಲ, ಸತತ ಎರಡು ಸರದಿ, ಭಂಗಿ ಕೆಡದೆ ಮಾಡಿದಿರಾದರೆ ಮುಂದಿನ ಸಲ ಸ್ವಲ್ಪ ಕಷ್ಟ ಮಾಡಿ, 8 ಸಲಕ್ಕೆ ಇಳಿದು ಮತ್ತೆ ಏರಿ. ದಿನ ಮತ್ತು ಭಾರ ಎರಡನ್ನೂ ಒಂದೇ ವಾರದಲ್ಲಿ ಏರಿಸಬೇಡಿ.

ಪ್ರತಿ ಸೆಟ್‌ನ್ನೂ “ಇನ್ನೂ ಎರಡು ಮೂರು ಸಲ ಆಗುತ್ತಿತ್ತು” ಎನ್ನುವಾಗಲೇ ನಿಲ್ಲಿಸಿ. ಆಯುರ್ವೇದದ ಹಳೆಯ ಗ್ರಂಥಗಳು ವ್ಯಾಯಾಮಕ್ಕೆ ‘ಅರ್ಧಶಕ್ತಿ’ ಎಂಬ ಮಿತಿ ಹಾಕಿರುವುದು ಹೊಸಬರ ಮಟ್ಟಿಗೆ ಇವತ್ತಿಗೂ ಒಳ್ಳೆಯ ಅಳತೆ. ಕೈ ನಡುಗಿ ಕುಸಿಯುವವರೆಗೆ ಮಾಡಿದರೆ ಹೆಚ್ಚುವರಿ ಲಾಭ ಅತ್ಯಲ್ಪ, ಚೇತರಿಕೆಗೆ ಮಾತ್ರ ಒಂದೆರಡು ದಿನ ಹೆಚ್ಚು ಬೇಕಾಗುತ್ತದೆ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಬಿಪಿ ಇರುವವರು ಉಸಿರು ಕಟ್ಟಿ ತಿಣುಕಿದರೆ ಒತ್ತಡ ಆ ಕ್ಷಣಕ್ಕೆ ಬಹಳ ಮೇಲೇರುತ್ತದೆ. ಬಿಪಿ 180/110ರ ಮೇಲಿದ್ದರೆ ಅದು ಹತೋಟಿಗೆ ಬರುವವರೆಗೆ ಬಲದ ವ್ಯಾಯಾಮ ಮುಟ್ಟಬೇಡಿ.

ನಡಿಗೆ ಇದರ ಜೊತೆಗೇ ಸಾಗಲಿ. ಮೊದಲ ವಾರ ಐದು ದಿನ 15 ನಿಮಿಷ. ನಂತರ ವಾರಕ್ಕೆ ಎರಡು ಮೂರು ನಿಮಿಷ ಸೇರಿಸುತ್ತಾ ಹೋದರೆ ಆರೇಳು ವಾರದಲ್ಲಿ ದಿನಕ್ಕೆ 30 ನಿಮಿಷ, ವಾರಕ್ಕೆ 150. ಬಲದ ವ್ಯಾಯಾಮದ ದಿನವೂ ನಡೆಯಬಹುದು, ಆದರೆ ಬಲದ್ದು ಮೊದಲು, ನಡಿಗೆ ಆಮೇಲೆ. ಏಪ್ರಿಲ್–ಮೇ ತಿಂಗಳಲ್ಲಿ ನಿಮ್ಮ ಊರಿನ ಬಿಸಿಲಿಗೆ ಬೆಳಿಗ್ಗೆ ಏಳೂವರೆಯೊಳಗೆ ಮುಗಿಸಿ, ಇಲ್ಲವೇ ಹೊತ್ತು ಮುಳುಗಿದ ಮೇಲೆ ಹೊರಡಿ. ವಾರದಲ್ಲಿ ಒಂದು ದಿನ ಏನೂ ಬೇಡ.

ಬರೀ ವಾಕಿಂಗ್ ಸಾಲದೇ ಎಂದಿರಿ. ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ, ಮನಸ್ಸಿಗೆ ಅದು ತುಂಬಾ ಒಳ್ಳೆಯದು. ಆದರೆ ಮೂವತ್ತರ ನಂತರ ಸ್ನಾಯು ನಿಧಾನವಾಗಿ ಕರಗುತ್ತಾ ಹೋಗುತ್ತದೆ, ನಡಿಗೆಯಿಂದ ಅದನ್ನು ಸಾಕಷ್ಟು ತಡೆಯಲಾಗದು. ಕೈ, ಬೆನ್ನು, ಭುಜಗಳಿಗಂತೂ ನಡಿಗೆಯಲ್ಲಿ ಕೆಲಸವೇ ಇಲ್ಲ. ಸೂರ್ಯನಮಸ್ಕಾರ ಮಾಡುವವರಿಗೂ ಒಂದು ಮಾತು: ಅದರಲ್ಲಿ ತಳ್ಳುವುದು, ಬಾಗುವುದು, ಚಾಚುವುದು ಎಲ್ಲವೂ ಇದೆ, ಎಳೆಯುವ ಚಲನೆ ಇಲ್ಲ. ವಾರಕ್ಕೆ ಎರಡು ಸಲ ಆ ನೀರಿನ ಕ್ಯಾನ್ ಎಳೆತ ಸೇರಿಸಿಕೊಂಡರೆ ಆ ಕೊರತೆ ತುಂಬುತ್ತದೆ. ಶುರು ಮಾಡುವವರು ಮೂರು ನಾಲ್ಕು ಸುತ್ತಿನಿಂದ ಶುರು ಮಾಡಿ. ವರ್ಷವಿಡೀ ಮಾಡದೆ ರಥಸಪ್ತಮಿಯ ದಿನ 108 ಹಾಕಿದರೆ ಮಣಿಕಟ್ಟು, ಭುಜ ಹಿಡಿದುಕೊಳ್ಳುತ್ತವೆ. ಗರಡಿಯಲ್ಲಿ ದಿನಾ ಸಾಮು ಮಾಡುತ್ತಾರಲ್ಲ ಎನ್ನುವವರಿದ್ದಾರೆ. ಅವರು ಚಿಕ್ಕಂದಿನಿಂದ ಮಣ್ಣಿಗಿಳಿದು, ಹತ್ತು ಬಸ್ಕಿಯಿಂದ ನೂರಕ್ಕೆ ವರ್ಷಗಟ್ಟಲೆ ಏರಿದವರು. ನಲವತ್ತರಲ್ಲಿ ಕುರ್ಚಿಯಿಂದ ಎದ್ದು ಬಂದವರಿಗೆ ಆ ಲೆಕ್ಕ ಹೊಂದುವುದಿಲ್ಲ.

ತೂಕದ ವಿಷಯ ನೀವು ಕೇಳಿಲ್ಲ, ಆದರೆ ಆರು ದಿನದ ಆತುರದ ಹಿಂದೆ ಹೆಚ್ಚಾಗಿ ಅದೇ ಇರುತ್ತದೆ. 80 ಕೆಜಿಯವರು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 140 ಕ್ಯಾಲೊರಿ. ದಾವಣಗೆರೆಯಲ್ಲಿ ಇದ್ದೀರಿ, ಒಂದು ಬೆಣ್ಣೆದೋಸೆಯನ್ನೂ ಅದು ಸರಿದೂಗಿಸದು. ತೂಕ ಇಳಿಯುವುದು ಮುಖ್ಯವಾಗಿ ತಟ್ಟೆಯಿಂದ. ವ್ಯಾಯಾಮ ಮಾಡುವುದು ಇಳಿಯುವಾಗ ಸ್ನಾಯು ಕರಗದಂತೆ ಕಾಯುವ ಮತ್ತು ಇಳಿದದ್ದು ಮತ್ತೆ ಏರದಂತೆ ಹಿಡಿದಿಡುವ ಕೆಲಸ. ತೂಕದ ಯಂತ್ರಕ್ಕಿಂತ ಸೊಂಟದ ಸುತ್ತಳತೆ ನೋಡಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಎಂಬುದು ಒಪ್ಪಿತ ಮಿತಿ.

ಇನ್ನು ಮನೆಯವರ ಮಾತು. ಅದರಲ್ಲಿ ಅರ್ಧ ನಿಜವಿದೆ. ನೆಲ ಒರೆಸುವುದು, ಬಟ್ಟೆ ತಿಕ್ಕಿ ಒಗೆಯುವುದು, ನೀರು ಹೊರುವುದು ಉಸಿರು ಏರಿಸಿದರೆ ಆ 150 ನಿಮಿಷದ ಲೆಕ್ಕಕ್ಕೆ ಸೇರುತ್ತವೆ, ವಿಶ್ವ ಆರೋಗ್ಯ ಸಂಸ್ಥೆಯೂ ಮನೆಗೆಲಸವನ್ನು ಚಟುವಟಿಕೆ ಎಂದೇ ಎಣಿಸುತ್ತದೆ. ಒಲೆಯ ಮುಂದೆ ನಿಂತಿರುವುದು ಸೇರುವುದಿಲ್ಲ. ಅವರಿಗೆ ಸಿಗದೇ ಇರುವುದು ಏರುತ್ತಾ ಹೋಗುವ ಭಾರ. ಅದೇ ಪೊರಕೆ, ಅದೇ ಬಕೆಟ್ ವರ್ಷಗಟ್ಟಲೆ ಎತ್ತಿದರೆ ಬೆನ್ನು ದಣಿಯುತ್ತದೆ, ಮೂಳೆ ಗಟ್ಟಿಯಾಗುವುದಿಲ್ಲ. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಮೂಳೆ ವೇಗವಾಗಿ ಸವೆಯುವುದರಿಂದ ಅದಕ್ಕೂ ಮೊದಲೇ ಬಲದ ವ್ಯಾಯಾಮ ಶುರುವಾಗಿರಬೇಕು. ಅವರಿಗೆ ವಾರಕ್ಕೆ ಎರಡು ಸಲ, ಇಪ್ಪತ್ತೈದು ನಿಮಿಷ, ಮೇಲೆ ಹೇಳಿದ ಐದೇ ಚಲನೆ ಸಾಕು. ಆ ಹೊತ್ತು ಅವರಿಗೆ ಸಿಗಬೇಕಾದರೆ ಆ ಎರಡು ದಿನ ಅಡುಗೆಮನೆಯ ಕೆಲಸ ನೀವು ವಹಿಸಿಕೊಳ್ಳಬೇಕಾಗುತ್ತದೆ. ಇದನ್ನು ಬಿಟ್ಟು ವ್ಯಾಯಾಮ ಮಾಡು ಎಂದಷ್ಟೇ ಹೇಳುವುದು ಅವರ ದಿನಕ್ಕೆ ಇನ್ನೊಂದು ಕೆಲಸ ಸೇರಿಸಿದಂತೆ.

ಸರದಿ ತಪ್ಪಿದಾಗ ಎಲ್ಲರೂ ಎಡವುವುದು ಒಂದೇ ಕಡೆ, ಮರುದಿನ ಎರಡರಷ್ಟು ಮಾಡುವುದು. ಮಾಡಬೇಡಿ. ಬುಧವಾರ ತಪ್ಪಿದರೆ ಗುರುವಾರ ಮಾಡಿ, ಶುಕ್ರವಾರದ್ದನ್ನು ಶನಿವಾರಕ್ಕೆ ತಳ್ಳಿ. ಒಂದು ವಾರ ಪೂರ್ತಿ ಹೋದರೆ ಬಿಟ್ಟಲ್ಲಿಂದಲೇ ಮುಂದುವರಿಸಿ. ಕಟ್ಟಿದ ಬಲ ಎರಡು ವಾರದಲ್ಲಿ ಕರಗಿಹೋಗುವುದಿಲ್ಲ. ಮೂರು ವಾರ ಅಥವಾ ಹೆಚ್ಚು ತಪ್ಪಿದರೆ, ಜ್ವರದಿಂದ ಎದ್ದಿದ್ದರೆ, ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ ಒಂದೆರಡು ವಾರದಲ್ಲಿ ಹಳೆಯ ಮಟ್ಟಕ್ಕೆ ಬನ್ನಿ. ಮದುವೆ, ಜಾತ್ರೆ, ತಿಂಗಳ ಕೊನೆಯ ಲೆಕ್ಕದ ಗಡಿಬಿಡಿಯ ವಾರಗಳಿಗೆಂದೇ ಒಂದು ಕನಿಷ್ಠ ಮಟ್ಟ ಇಟ್ಟುಕೊಳ್ಳಿ: ವಾರಕ್ಕೆ ಒಂದು ಸರದಿ, ಐದು ಚಲನೆ, ಒಂದೊಂದೇ ಸೆಟ್. ಗಳಿಸಿದ್ದನ್ನು ಕೆಲವು ವಾರ ಉಳಿಸಿಕೊಳ್ಳಲು ಇಷ್ಟು ಸಾಕು. ಭಾನುವಾರವೊಂದೇ ಸಮಯ ಸಿಗುವವರಿಗೂ ಲಾಭ ಇದ್ದೇ ಇದೆ, ಆದರೆ ವಾರದ ಕೆಲಸವನ್ನೆಲ್ಲ ಹೊಸ ಮೈಯ ಮೇಲೆ ಒಂದೇ ದಿನ ಹೇರಿದರೆ ಪೆಟ್ಟಾಗುವ ಸಂಭವ ಹೆಚ್ಚು.

ಸಕ್ಕರೆ ಕಾಯಿಲೆ ಇರುವ ಓದುಗರಿಗೆ ದಿನಗಳ ಲೆಕ್ಕ ಸ್ವಲ್ಪ ಬೇರೆ. ಒಂದು ಸಲದ ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಅವಧಿ ಒಂದರಿಂದ ಮೂರು ದಿನ, ಆದ್ದರಿಂದ ಸತತ ಎರಡು ದಿನಕ್ಕಿಂತ ಹೆಚ್ಚು ಖಾಲಿ ಬಿಡಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಬೇಡಿ. ಸಕ್ಕರೆ 100ಕ್ಕಿಂತ ಕೆಳಗಿದ್ದರೆ ಮೊದಲು ಒಂದು ಬಾಳೆಹಣ್ಣು ತಿನ್ನಿ, ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ.

ನೋವಿನಲ್ಲಿ ಎರಡು ಜಾತಿ ಇದೆ, ಇದನ್ನು ಗುರುತಿಸಲು ಬಂದರೆ ಎಷ್ಟು ದಿನ ಎಂಬ ಪ್ರಶ್ನೆಗೆ ನಿಮ್ಮ ಮೈಯೇ ಉತ್ತರ ಕೊಡುತ್ತದೆ. ಎರಡೂ ಕಡೆ ಸಮನಾಗಿ, ಸ್ನಾಯುವಿನ ನಡುಭಾಗದಲ್ಲಿ, ಮರುದಿನ ಶುರುವಾಗಿ 24ರಿಂದ 72 ಗಂಟೆಯೊಳಗೆ ಹೆಚ್ಚಾಗಿ ಇಳಿಯುವ, ಓಡಾಡಿದರೆ ಸಡಿಲಗೊಳ್ಳುವ ಮೈಕೈ ನೋವು ಸಹಜ. ಅದೇ ಚಲನೆ ಎರಡನೇ ಮೂರನೇ ಸಲ ಮಾಡಿದಾಗ ತಾನಾಗಿ ಕಡಿಮೆಯಾಗುತ್ತದೆ. ಮುಂದಿನ ಸರದಿಯ ದಿನವೂ ಮೆಟ್ಟಿಲಿಳಿಯಲು ಕಷ್ಟವಾಗುತ್ತಿದ್ದರೆ ಹಿಂದಿನ ಸರದಿ ಹೆಚ್ಚಾಯಿತು ಎಂದರ್ಥ. ಒಂದು ದಿನ ತಳ್ಳಿ, ಒಂದು ಸೆಟ್ ಕಡಿಮೆ ಮಾಡಿ. ಒಂದೇ ಕಡೆ, ಕೀಲಿನಲ್ಲೇ, ಚುಚ್ಚಿದಂತೆ, ಊತದೊಂದಿಗೆ ಬಂದ ನೋವು ಪೆಟ್ಟಿನ ಗುರುತು. ವಿಪರೀತ ಮಾಡಿದ ಮರುದಿನ ಸ್ನಾಯು ಊದಿ ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಅಪಾಯ ತರುವ ಸ್ಥಿತಿ ಅದು. ಎದೆ ಹಿಡಿದಂತಾಗುವುದು, ಎಡಗೈಗೋ ದವಡೆಗೋ ಹರಿಯುವ ನೋವು, ಕಣ್ಣು ಕತ್ತಲೆ, ಇವು ಬಂದರೆ ಅಲ್ಲೇ ನಿಲ್ಲಿಸಿ, ತಕ್ಷಣ ವೈದ್ಯರ ಬಳಿ ಹೋಗಿ.

ನಿಮ್ಮ ಬಲ ಮೊಣಕಾಲಿನ ವಿಚಾರ. ಅದು ಊದಿದ್ದರೆ, ಮಡಚುವಾಗ ಸಿಕ್ಕಿಕೊಳ್ಳುತ್ತಿದ್ದರೆ, ನಡೆಯುವಾಗ ಕುಸಿಯುತ್ತಿದ್ದರೆ ಮೊದಲು ಮೂಳೆ ವೈದ್ಯರಿಗೆ ತೋರಿಸಿ. ಇವು ಯಾವುದೂ ಇಲ್ಲದೆ ಮುಂಭಾಗದ ನೋವು ಮಾತ್ರವಾಗಿದ್ದರೆ ಪೂರ್ತಿ ವಿಶ್ರಾಂತಿ ಬೇಡ, ಬಿಟ್ಟಷ್ಟೂ ತೊಡೆ ಸೊರಗಿ ನೋವು ಮರಳುತ್ತದೆ. ಎರಡು ವಾರ ಸಮತಟ್ಟಾದ ದಾರಿಯಲ್ಲಿ ಮಾತ್ರ ನಡೆಯಿರಿ, ಟ್ರೆಡ್‌ಮಿಲ್‌ನ ಏರು ಬೇಡ, ಮೆಟ್ಟಿಲು ಇಳಿಯುವುದು ಕಡಿಮೆ ಮಾಡಿ. ಗೋಡೆಗೆ ಬೆನ್ನು ಕೊಟ್ಟು ಮಂಡಿ ಸ್ವಲ್ಪವೇ ಮಡಚಿ 30 ಸೆಕೆಂಡ್ ನಿಲ್ಲುವುದನ್ನು ನಾಲ್ಕೈದು ಸಲ, ದಿನ ಬಿಟ್ಟು ದಿನ ಮಾಡಿ. ಕುರ್ಚಿಯ ಬಸ್ಕಿಗೆ ಮರಳುವಾಗ ಕುರ್ಚಿಯ ಮೇಲೆ ದಪ್ಪ ದಿಂಬು ಇಟ್ಟು ಎತ್ತರ ಹೆಚ್ಚಿಸಿಕೊಳ್ಳಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಮೂರರೊಳಗೆ ಇದ್ದು ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಯಬಹುದು. ಅದಕ್ಕಿಂತ ಹೆಚ್ಚಾದರೆ ಮಡಚುವ ಆಳ ಕಡಿಮೆ ಮಾಡಿ. ಎರಡು ವಾರ ಹೀಗೆ ಸಾಗಿದ ಮೇಲೆ ದಿಂಬು ತೆಗೆದು, ಯೋಜನೆಯ ಮೊದಲ ವಾರದಿಂದ ಶುರು ಮಾಡಿ. ಆರು ವಾರವಾದರೂ ನೋವು ಇಳಿಮುಖವಾಗದಿದ್ದರೆ ಫಿಸಿಯೋಥೆರಪಿಸ್ಟ್ ಒಬ್ಬರು ನಿಮ್ಮ ನಡಿಗೆ ಮತ್ತು ಬಸ್ಕಿಯನ್ನು ಎದುರಿಗೆ ನಿಂತು ನೋಡಬೇಕು.